ಬಾನುಲಿಗೆ ವರ್ಷ ತುಂಬಿದ ಭಾನುವಾರ

ಇನ್ನೂರ ಹತ್ತು ರೂಪಾಯಿ ನಗದು, ಜೊತೆಗೆ ಆರು ಡಜನ್ ಗೋಣಿಚೀಲ. ನಮ್ಮ ಮನೆಗೆ ರೇಡಿಯೊ ಬಂದದ್ದು ಈ ಬೆಲೆಗೆ. ಯಾರಾದರೂ ಕೇಳುವ ಮೊದಲೇ ನಾನು ಇದನ್ನು ಹೇಳಿಬಿಡುತ್ತೇನೆ. ಕೊಂಡ ವಸ್ತುವಿನ ಬೆಲೆಯನ್ನು ಮುಚ್ಚಿಡುವವನು ಮೋಸ ಹೋಗಿರುತ್ತಾನೆ ಎಂಬುದು ನನ್ನ ಅನುಭವ, ನಾನು ಮೋಸ ಹೋದವನಲ್ಲ. ಸ್ವಾತಂತ್ರ್ಯ ಬಂದ ವರ್ಷ ಬಳ್ಳಾರಿಯ ದಂಡಿನ ಬಂಗಲೆಯೊಂದರಲ್ಲಿದ್ದ ದೊರೆಯೊಬ್ಬ ಸ್ವದೇಶಕ್ಕೆ ಗಂಟು ಕಟ್ಟುತ್ತಿದ್ದ. ರೇಡಿಯೊಕ್ಕೆ ಮುನ್ನೂರು ಎಂದ. ನಾನು ರೇಡಿಯೊ ಕಡೆ ನೋಡಲೇ ಇಲ್ಲ, ಅವನ ಸಾಮಾನಿನ ಕಡೆ ನೋಡಿದೆ. ಪುಸ್ತಕ, ಪಿಂಗಾಣಿ, ಬೂಟು, ಜಿಂಕೆಯ ಕೊಂಬು ಎಲ್ಲ ನೆಲದ ಮೇಲೆ ಹರಡಿದ್ದವು, ಅವನ್ನು ತುಂಬುವುದಕ್ಕೆ ಒಂದು ಚೀಲವಿರಲಿಲ್ಲ. ಯುದ್ಧ ಮುಗಿದಿದ್ದರೂ ಊರಲ್ಲಿ ಚೀಲಕ್ಕೆ ಇನ್ನೂ ಬರ. ಸಿರುಗುಪ್ಪದ ಅಕ್ಕಿ ಗಿರಣಿಗಳ ಹಳೆಯ ಚೀಲ ಕೊಂಡು, ತೇಪೆ ಹಾಕಿಸಿ ಮಾರುತ್ತ ಮೇಲೆ ಬಂದವನು ನಾನು. ನನ್ನೆದುರಿಗೆ ಚೀಲವಿಲ್ಲದೆ ನಿಂತ ಮನುಷ್ಯ ದೊರೆಯಾದರೂ ಒಂದೇ, ದೇಶನೂರಿನ ಭತ್ತದ ರೈತನಾದರೂ ಒಂದೇ. ಅರ್ಧ ಗಂಟೆಯಲ್ಲಿ ವ್ಯವಹಾರ ಮುಗಿಯಿತು. ಜಿಂಕೆಯ ಕೊಂಬನ್ನೂ ಕೊಡುವುದಕ್ಕೆ ಬಂದ. ಬೇಡವೆಂದೆ. ಕೊಂಬು ಹಾಡುವುದಿಲ್ಲ.

ಅಷ್ಟು ಹಣ ಕೊಟ್ಟು ಏಕೆ ತಂದೆ ಎಂದರೆ, ಹೆಂಡತಿಗೆ ಸಂಗೀತದ ಹುಚ್ಚು ಎಂದು ಊರಿಗೆ ಹೇಳಿದ್ದೇನೆ. ನಿಮಗೆ ನಿಜ ಹೇಳುತ್ತೇನೆ. ರೇಡಿಯೊ ಇದ್ದ ಮನೆಯ ಪಡಸಾಲೆಗೆ ಸಂಜೆಯ ವಾರ್ತೆ ಕೇಳಲು ನಾಲ್ಕು ಜನ ವ್ಯಾಪಾರಸ್ಥರು ಬಂದು ಕೂಡುತ್ತಾರೆ. ಕೂತ ವ್ಯಾಪಾರಸ್ಥ ಸುಮ್ಮನೆ ಕೂಡುವುದಿಲ್ಲ, ಮಾತಾಡುತ್ತಾನೆ. ಮಾತಾಡಿದರೆ ಯಾವ ಊರಿನಲ್ಲಿ ಶೇಂಗಾ ಎಷ್ಟು ಬಂದಿದೆ, ಯಾರಿಗೆ ಎಷ್ಟು ಚೀಲ ಬೇಕಾದೀತು ಎಂಬುದು ತಾನಾಗಿ ಹೊರಬೀಳುತ್ತದೆ. ಬಳ್ಳಾರಿಯ ನಮ್ಮ ಬ್ರೂಸ್‌ಪೇಟೆಯಲ್ಲಿ ರೇಡಿಯೊದ ಮುಂದೆ ಕೂತು ರೇಡಿಯೊ ಕೇಳದೆ ಇದ್ದವನು ನಾನೊಬ್ಬನೇ ಇರಬೇಕು. ಹೆಂಡತಿ ಹುಲಿಗೆಮ್ಮ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಸ್ವರ ಬಿಡದೆ ಕೇಳುತ್ತಿದ್ದಳು. ಮೊದಮೊದಲು ನಮಗೆ ಸ್ಪಷ್ಟವಾಗಿ ಬರುತ್ತಿದ್ದದ್ದು ಮದ್ರಾಸು. ತೆಲುಗು ಬಂದರೆ ನಮ್ಮೂರಲ್ಲಿ ಎಲ್ಲರಿಗೂ ತಿಳಿಯುತ್ತದೆ, ತಮಿಳು ಬಂದಾಗ ರಾಗ ಹಿಡಿದುಕೊಂಡು ತಲೆ ಆಡಿಸುತ್ತಿದ್ದೆವು. ರೇಡಿಯೊ ಇಟ್ಟುಕೊಂಡವರು ವರ್ಷ ವರ್ಷ ಕಟ್ಟಬೇಕಾದ ಲೈಸೆನ್ಸಿನ ಹಣ ಕಟ್ಟಲು ಅಂಚೆ ಕಚೇರಿಗೆ ಹೋದಾಗ ನಾನು ಈ ಅಂಶವನ್ನು ಪೋಸ್ಟ್ ಮಾಸ್ತರರ ಮುಂದಿಟ್ಟೆ. "ಸ್ವಾಮಿ, ಅರ್ಧ ನನಗ ತಿಳಿಯಂಗೇ ಇಲ್ಲ. ತಿಳೀದಿದ್ದರ ಪಾಲು ಬಿಟ್ಟು ಉಳಿದದ್ದು ತಗೋರಿ" ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ತಿಳಿದಿದ್ದಕ್ಕಷ್ಟ ರೊಕ್ಕ ಕೊಡೋದಾದ್ರ ನಿಮ್ಮ ಮಕ್ಕಳ ಸಾಲಿ ಫೀಸೂ ಕಮ್ಮಿ ಆಗಬೇಕಲ್ರಿ" ಎಂದು ಠಸ್ಸೆ ಒತ್ತಿದರು. ನಾನು ಜೀವನದಲ್ಲಿ ಚೌಕಾಸಿ ಸೋತ ಕಡೆಗಳು ಬಹಳ ಇಲ್ಲ. ಅದು ಒಂದು. ಇನ್ನೊಂದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ಆಮೇಲೆ ಧಾರವಾಡದಿಂದ ಕನ್ನಡ ಬರತೊಡಗಿತು. ನೋಡನೋಡುತ್ತಿದ್ದಂತೆ ಅದಕ್ಕೂ ವರ್ಷ ತುಂಬಿತು. ಈ ಬಾನುಲಿಯವರಿಗೆ ವರ್ಷ ತುಂಬುವುದೆಂದರೆ ಬಹಳ ಸಂಭ್ರಮ. ಇಂಥ ಕೇಂದ್ರ ಆರಂಭವಾಗಿ ಇಷ್ಟು ವರ್ಷವಾಯಿತು, ಮೇಣದ ತಟ್ಟೆಯಲ್ಲಿ ಹಾಡು ಹಿಡಿದಿಡುವುದು ಶುರುವಾಗಿ ಇಷ್ಟು ವರ್ಷವಾಯಿತು ಎಂದು ಆಗಾಗ ನೆನಪಿಸುತ್ತಲೇ ಇರುತ್ತಾರೆ. ನನಗೆ ಇದರಲ್ಲಿ ತಕರಾರಿಲ್ಲ. ನಾನು ಮೊದಲ ಹನ್ನೆರಡು ಚೀಲ ಹೆಗಲ ಮೇಲೆ ಹೊತ್ತು ಮೋಕದ ಸಂತೆಗೆ ಹೋದ ದಿನವನ್ನು ನಾನೂ ನೆನೆಯುತ್ತೇನೆ, ಯಾರೂ ಹಾಡು ಹಾಕುವುದಿಲ್ಲ ಅಷ್ಟೆ. ಆದರೆ ಧಾರವಾಡದ ಮೊದಲ ವರ್ಷ ನಮ್ಮ ಮನೆಯ ವಿಷಯವೇ ಆಗಿಹೋಯಿತು. ಆ ವಾರದಲ್ಲಿ ಹೆಂಡತಿಗೆ ಅವಳ ತಮ್ಮ ಪಂಪಾಪತಿಯಿಂದ ಒಂದು ಕಾರ್ಡು ಬಂತು: "ಅಕ್ಕಾ, ವರ್ಷ ತುಂಬಿದ ಲೆಕ್ಕದಲ್ಲಿ ಹೊಸಬರಿಗೂ ಅವಕಾಶ ಕೊಟ್ಟಿದ್ದಾರೆ. ಭಾನುವಾರ ಸಂಜೆ ಐದೂ ಮುಕ್ಕಾಲಿನಿಂದ ಆರರವರೆಗೆ ಎರಡು ನಾಟಕದ ಹಾಡು ಹಾಡುತ್ತೇನೆ. ಅಪ್ಪ ಕೇಳಿದರೆ ಚೆನ್ನಾಗಿತ್ತು. ಕೇಳುವುದಿಲ್ಲ ಎಂದು ಗೊತ್ತು."

ಈ ಕೊನೆಯ ಎರಡು ವಾಕ್ಯಗಳ ಹಿಂದೆ ಐದು ವರ್ಷದ ಕಥೆಯಿದೆ. ನನ್ನ ಮಾವ ಹಂಪಣ್ಣನವರು ಕುರುಗೋಡಿನಲ್ಲಿ ನೆಲದ ಮೇಲೆ ನಿಂತ ಮನುಷ್ಯ. ಜೋಳ, ಹತ್ತಿ, ಎರಡು ಜೊತೆ ಎತ್ತು, ಒಬ್ಬ ಮಗ. ಆ ಮಗ ಹತ್ತೊಂಬತ್ತನೇ ವಯಸ್ಸಿಗೆ ನಾಟಕ ಕಂಪನಿಯ ಹಿಂದೆ ಹೋದ. ಹೋದದ್ದು ದೊಡ್ಡ ಮಾತಲ್ಲ. ಮರುವರ್ಷ ಭತ್ತದ ಸುಗ್ಗಿಯಲ್ಲಿ ಅದೇ ಕಂಪನಿ ಸಿರುಗುಪ್ಪದಲ್ಲಿ ಎರಡು ತಿಂಗಳು ಡೇರೆ ಹಾಕಿತು, ಇವನು ದಿನವೂ ಹಾಡಿದ, ಇಷ್ಟು ಹತ್ತಿರ ಬಂದವನು ಕುರುಗೋಡಿಗೆ ಮಾತ್ರ ಬರಲಿಲ್ಲ. ಅಪ್ಪ ಬೈದಾನೆಂಬ ಹೆದರಿಕೆಯಿಂದ ಅವನು ಬರಲಿಲ್ಲ, ಬರಲಿಲ್ಲವೆಂದು ಅಪ್ಪ ಬೈಯುವುದನ್ನೂ ಬಿಟ್ಟರು. ಆಮೇಲೆ ಆ ಮನೆಯಲ್ಲಿ ಪಂಪಾಪತಿ ಎಂಬ ಹೆಸರು ಎತ್ತುವಂತಿರಲಿಲ್ಲ. ಅತ್ತೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ತಮ್ಮನಿಗೆ ಊರಿನ ಬಾಗಿಲು ತೆರೆಯಬೇಕಾದರೆ ಅದು ನನ್ನ ಹೆಂಡತಿಯಿಂದಲೇ ಆಗಬೇಕಿತ್ತು, ಅವಳು ಐದು ವರ್ಷ ದಾರಿ ಹುಡುಕುತ್ತಿದ್ದಳು. ಕಾರ್ಡನ್ನು ನನ್ನ ಕೈಗೆ ಕೊಟ್ಟು, "ಊರಿನ ಚೀಲೆಲ್ಲ ಚೌಕಾಸಿ ಮಾಡ್ತೀರಲ್ಲ, ಇದೊಂದು ಮಾಡಿಕೊಡ್ರಿ ನೋಡೂಣು" ಎಂದಳು.

ನನಗೆ ಇದು ಕಷ್ಟವಾಗಿ ಕಾಣಲಿಲ್ಲ. ಮಾವನವರನ್ನು ಶನಿವಾರವೇ ಕರೆಸುವುದು, ಯಾರು ಹಾಡುತ್ತಾರೆಂದು ಹೇಳದಿರುವುದು, ನೆರೆಯವರನ್ನೆಲ್ಲ ಕೂಡಿಸುವುದು, ಮಗನ ಹೆಸರನ್ನು ರೇಡಿಯೊದ ಬಾಯಿಂದಲೇ ಹೇಳಿಸುವುದು. ಹತ್ತು ಜನರ ಮುಂದೆ ಎದ್ದು ಹೋಗಲು ಅವರಿಗೂ ಆಗುವುದಿಲ್ಲ. ಒಂದೇ ಒಂದು ತೊಡಕಿತ್ತು. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರರವರೆಗೆ. ಮಾವನವರು ಆ ಒಂದೂವರೆ ಗಂಟೆ ಹೊಸದಾಗಿ ಏನನ್ನೂ ಆರಂಭಿಸುವವರಲ್ಲ, ತಾವಿದ್ದ ಮನೆಯಲ್ಲಿ ಆರಂಭಿಸಲು ಬಿಡುವವರೂ ಅಲ್ಲ. ಒಮ್ಮೆ ರಾಹುಕಾಲದಲ್ಲಿ ಹೊರಡುವ ಬಸ್ಸಿಗೆ ಮುಕ್ಕಾಲು ಗಂಟೆ ಮೊದಲೇ ಹತ್ತಿ ಕೂತಿದ್ದರು. ಕೇಳಿದರೆ, "ನಾ ಹತ್ತಿದ್ದು ಒಳ್ಳೇ ಹೊತ್ತಿನಾಗ. ಬಿಟ್ಟಿದ್ದು ಡ್ರೈವರ್, ಅದು ಅವನ ಲೆಕ್ಕಕ್ಕ" ಎಂದಿದ್ದರು. ಇಂಥವರ ಎದುರಿಗೆ ಐದೂ ಮುಕ್ಕಾಲಿಗೆ ರೇಡಿಯೊದ ಕಿವಿ ತಿರುವುವುದು ಸಾಧ್ಯವಿಲ್ಲದ ಮಾತು. ನಾಲ್ಕೂವರೆಗೆ ಮೊದಲೇ ಹಚ್ಚಿಡೋಣವೆಂದರೆ ಧಾರವಾಡದ ಸಂಜೆಯ ಪ್ರಸಾರ ಆಗಿನ್ನೂ ಶುರುವಾಗಿರುವುದಿಲ್ಲ, ಬರೀ ಗರಗರ ಸದ್ದನ್ನು ಒಂದು ಗಂಟೆ ಯಾರೂ ಸಹಿಸುವುದಿಲ್ಲ.

ಧಾರವಾಡದವರ ಹೊತ್ತನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ, ಪಂಚಾಂಗದ ಹೊತ್ತಂತೂ ಇಲ್ಲವೇ ಇಲ್ಲ. ಕೈಗೆ ಎಟಕುತ್ತಿದ್ದದ್ದು ಗೋಡೆಯ ಗಡಿಯಾರ. ಭಾನುವಾರ ಊಟವಾಗಿ ಮಾವನವರು ಒಳಗೆ ಮಲಗಿದಾಗ ನಾನು ಸ್ಟೂಲು ಹತ್ತಿ ಮುಳ್ಳನ್ನು ಇಪ್ಪತ್ತು ನಿಮಿಷ ಮುಂದಕ್ಕೆ ತಳ್ಳಿದೆ. ನಿಜವಾಗಿ ಐದೂ ಮುಕ್ಕಾಲು ಆದಾಗ ಗಡಿಯಾರದಲ್ಲಿ ಆರೂ ಐದು. ರಾಹು ಎದ್ದು ಹೋಗಿರುತ್ತಾನೆ, ಹಾಡು ಅದೇ ತಾನೇ ಶುರುವಾಗಿರುತ್ತದೆ. ಕರೆದವರಿಗೆಲ್ಲ "ಆರೂ ಐದಕ್ಕೆ ಹಾಡು" ಎಂದೇ ಹೇಳಿದ್ದೆ. ವಿಷಯ ಗೊತ್ತಿದ್ದದ್ದು ನನಗೆ ಮತ್ತು ಹೆಂಡತಿಗೆ. ಅವಳು ಗಡಿಯಾರ ನೋಡಿ, ನನ್ನನ್ನು ನೋಡಿ, "ನಿಮ್ಮ ಬುದ್ಧಿ ಎಲ್ಲೆಲ್ಲಿ ಓಡತೈತ್ರಿ" ಎಂದಳು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು, ಹಿತ್ತಲಿಗೆ ಹೋಗಿ ನಿಧಾನವಾಗಿ ಸ್ನಾನ ಮಾಡಿದೆ. ಆ ಸ್ನಾನ ಒಂದು ತಂಬಿಗೆ ಕಡಿಮೆಯಾಗಿದ್ದರೆ ಈ ಪ್ರಬಂಧ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಐದರ ಹೊತ್ತಿಗೆ ಪಡಸಾಲೆ ತುಂಬಿತು. ಎಲ್ಲರಿಗಿಂತ ಮೊದಲು ಬಂದು ಮುಂದಿನ ಕುರ್ಚಿ ಹಿಡಿದವರು ಪಕ್ಕದ ಮನೆಯ ರಹಮಾನ್ ಸಾಹೇಬರು. ಮೂವತ್ತು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಹಸಿರು ನಿಶಾನೆ ಸರ್ಕಾರಕ್ಕೆ ಮರಳಿಸಿದ್ದರೂ ಜೇಬಿನ ಗಡಿಯಾರ ಇಟ್ಟುಕೊಂಡಿದ್ದರು. ಮಾವನವರು ಮುಖ ತೊಳೆದು ಬಂದು ಕಂಬಕ್ಕೆ ಒರಗಿ ಕೂತರು. ರೇಡಿಯೊಕ್ಕೆ ಹೆಂಡತಿ ಕುಂಕುಮ ಹಚ್ಚಿ, ಮೇಲೊಂದು ಚೆಂಡುಹೂವು ಇಟ್ಟಿದ್ದಳು. ವರ್ಷ ತುಂಬಿದ್ದು ಧಾರವಾಡಕ್ಕೆ, ಆರತಿ ನಮ್ಮ ಪೆಟ್ಟಿಗೆಗೆ. ಒಳಗಿನಿಂದ, ನಮ್ಮ ಕಡೆ ಮಂಡಾಳು ಎನ್ನುವ ಮಂಡಕ್ಕಿಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಗಡಿಯಾರದಲ್ಲಿ ಐದೂವರೆ. ಅಂದರೆ ನನ್ನ ಲೆಕ್ಕದಲ್ಲಿ ನಿಜವಾದ ಹೊತ್ತು ಐದೂ ಹತ್ತು. ನನಗೆ ಬೇಕಾದಷ್ಟು ಸಮಯವಿತ್ತು. ನಾನು ಕೂಡಿದವರಿಗೆ ಸೆಕೆಂಡ್ ಹ್ಯಾಂಡ್ ರೇಡಿಯೊ ಕೊಳ್ಳುವಾಗ ಏನೇನು ನೋಡಬೇಕು ಎಂದು ವಿವರಿಸತೊಡಗಿದೆ.

ನಡುವೆ ಎದುರಿನ ಹೋಟೆಲಿನವರು ತಮ್ಮ ರೇಡಿಯೊ ಹಚ್ಚಿದರು. ಅವರಿಗೆ ರಾಹುವಿನ ಭಯವಿಲ್ಲ, ಗಿರಾಕಿಯ ಭಯ ಮಾತ್ರ. ಬೀದಿ ದಾಟಿ ಯಾರದೋ ಹಾಡು ಗಟ್ಟಿಯಾಗಿ ಬರತೊಡಗಿತು. ಬಾಯಿ ತೆರೆದು ಹಾಡುವ ನಾಟಕದ ಧಾಟಿ, ಕೆಳಗಿನಿಂದ ಒಂದೇ ಜಿಗಿತಕ್ಕೆ ಮೇಲಿನ ಸ್ವರ ಹಿಡಿಯುವ ಗಂಟಲು. ನನ್ನ ವಾಲ್ವಿನ ವಿವರಣೆ ಯಾರಿಗೂ ಕೇಳದಾಯಿತು. ಬೇಸರವಾಗಿ, "ಈ ಹೋಟೆಲಿನೋರ ಗದ್ಲ ಬಾಳಾತು, ಕಿಟಕಿ ಮುಚ್ಚತೀನಿ ತಡೀರಿ" ಎಂದು ಎದ್ದೆ.

"ಇರಲಿ ಬಿಡ್ರಿ ಅಳಿಯಂದ್ರ" ಎಂದರು ಮಾವ. "ಗಾಳಿ ಬರತೈತಿ."

ಪುಷ್ಯಮಾಸದ ಚಳಿಯಲ್ಲಿ ಗಾಳಿ ಬೇಕೆನ್ನುವ ಮನುಷ್ಯನನ್ನು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹೆಂಡತಿ ಮಂಡಾಳಿನ ಪರಾತ ಹಿಡಿದು ಹೊಸ್ತಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು. "ಕೊಡು ಎಲ್ಲರಿಗೂ, ಆರಿಹೋಗತೈತಿ" ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣು ಅವಳ ಅಪ್ಪನ ಬೆರಳಿನ ಮೇಲಿತ್ತು. ಮಾವನವರು ಕಣ್ಣು ಮುಚ್ಚಿದ್ದರು, ಬಲಗೈಯ ಬೆರಳು ಮೊಣಕಾಲಿನ ಮೇಲೆ ಮೆಲ್ಲಗೆ ಬೀಳುತ್ತಿತ್ತು. ನಿದ್ದೆ ಬರುತ್ತಿದೆ, ಹಾಡಿನ ಹೊತ್ತಿಗೆ ಮಲಗಿಬಿಟ್ಟರೆ ನನ್ನ ಯೋಜನೆಯೆಲ್ಲ ಹಾಳು ಎಂದು ನನಗೆ ಆತಂಕವಾಯಿತು. "ಮಾವಾ, ಚಾ ತರಿಸಲೇನ್ರಿ?" ಎಂದು ಎರಡು ಸಲ ಕೇಳಿದೆ. ಮೂರನೇ ಸಲ ಕೇಳಿದಾಗ ಅವರು ಕಣ್ಣು ತೆರೆಯದೆ, "ಸ್ವಲ್ಪ ಸುಮ್ಮನ ಕೂಡ್ತೀರೇನು" ಎಂದರು. ಮದುವೆಯಾದ ಹದಿಮೂರು ವರ್ಷದಲ್ಲಿ ಅವರು ಅಳಿಯನಿಗೆ ಅಷ್ಟು ಬಿರುಸಾಗಿ ಮಾತಾಡಿದ್ದು ಅದೇ ಮೊದಲು.

ಹೋಟೆಲಿನ ಹಾಡು ಮುಗಿಯಿತು. ಗಡಿಯಾರ ಆರು ಬಡಿಯಿತು. ಹುಲಿಗೆಮ್ಮ ಮಂಡಾಳು ಹಂಚಿ ಮುಗಿಸುವ ಹೊತ್ತಿಗೆ ಆರೂ ಐದಾಯಿತು. ನಾನು ಎದ್ದು, ಊದುಬತ್ತಿ ಹಚ್ಚಿ, ಗಂಟಲು ಸರಿಮಾಡಿಕೊಂಡು, "ಧಾರವಾಡದ ಬಾನುಲಿಗೆ ಒಂದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ" ಎಂದು ನಾಲ್ಕು ಮಾತು ಹೇಳಿ ಕಿವಿ ತಿರುವಿದೆ. ವಾಲ್ವುಗಳು ಕಾಯಲು ಒಂದು ನಿಮಿಷ ಬೇಕು. ಕಾದವು. ಒಳಗಿನಿಂದ ಒಬ್ಬರು ಗಂಭೀರವಾಗಿ ಹತ್ತಿ ಬೆಳೆಗೆ ಬೀಳುವ ಹುಳದ ಬಗ್ಗೆ ಮಾತಾಡತೊಡಗಿದರು. ಎಲ್ಲರೂ ಕೇಳಿದರು. ಹುಳ ಮೊಟ್ಟೆಯಿಡುವ ತನಕ ಮಂಡಾಳು ಮೆಲ್ಲುತ್ತಲೇ ಕೇಳಿದರು.

"ಹಾಡು ಎಲ್ಲೈತ್ರಿ ಸಾವಕಾರ್ರ?" ಎಂದರು ಕೊನೆಗೆ ರಹಮಾನ್ ಸಾಹೇಬರು.

ಧಾರವಾಡದವರೇ ಏನೋ ಬದಲಿಸಿದ್ದಾರೆ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಜೇಬಿನ ಗಡಿಯಾರ ತೆಗೆದು ಗೋಡೆಗೆ ಹೋಲಿಸಿ, ತೃಪ್ತಿಯಿಂದ, "ಟೈಮ್ ಮಾತ್ರ ಬರೋಬ್ಬರ್ ಐತಿ. ನಾ ಬಂದಾಗ ನಿಮ್ಮ ಗಡಿಯಾರ ಪೂರಾ ಇಪ್ಪತ್ತು ಮಿನಿಟ್ ಮುಂದ ಓಡ್ತಿತ್ತು. ನೀವು ಸ್ನಾನಕ್ಕ ಹೋಗಿದ್ರಿ. ನಾನ ಸ್ಟೂಲ್ ಹತ್ತಿ ಸರಿ ಮಾಡೀನಿ. ತಪ್ಪು ಗಡಿಯಾರ ಕಂಡ್ರ ನಂಗ ಕುಂತ ಜಾಗದಾಗ ಕೂಡಾಕ ಆಗಂಗಿಲ್ಲ ನೋಡ್ರಿ" ಎಂದರು. ಅವರಿಗೆ ನಾನು ಕೃತಜ್ಞತೆ ಹೇಳಬೇಕಾಯಿತು. ಹೇಳಿದೆ. ಜನ ಮಂಡಾಳು ತಿಂದು, ಹತ್ತಿಯ ಹುಳದ ಬಗ್ಗೆ ಒಳ್ಳೆಯ ಮಾತು ಕೇಳಿದೆವೆಂದು ಎದ್ದು ಹೋದರು. ನಾನು ಹೆಂಡತಿಯ ಮುಖ ನೋಡಲಾರದೆ ರೇಡಿಯೊದ ಮೇಲಿನ ಚೆಂಡುಹೂವು ಸರಿಮಾಡುತ್ತ ನಿಂತೆ. ಐದು ವರ್ಷದಲ್ಲಿ ಒಂದು ಸಲ ಸಿಕ್ಕ ಹದಿನೈದು ನಿಮಿಷವನ್ನು ನಾನು ಕೈಯಾರೆ ಕಳೆದಿದ್ದೆ.

ಮರುದಿನ ಬೆಳಿಗ್ಗೆ ಕುರುಗೋಡಿನ ಬಸ್ಸಿಗೆ ಹೊರಡುವ ಮುಂಚೆ ಮಾವನವರು ಪಡಸಾಲೆಯಲ್ಲಿ ಕೂತು, "ಅಳಿಯಂದ್ರ, ಒಂದು ಕಾರ್ಡು ತೆಗೀರಿ" ಎಂದರು. ಅವರಿಗೆ ಓದು ಬರಹ ಅಷ್ಟಕ್ಕಷ್ಟೆ. ಯಾರಿಗೆ ಎಂದು ಕೇಳಿದೆ.

"ನಿನ್ನಿ ಹಾಡಿದವಂಗ."

"ಯಾರು ಹಾಡಿದ್ರಿ? ಹುಳದ ಮಾತಲ್ರೀ ಬಂದಿದ್ದು."

"ಹೋಟ್ಲಿನಾಗ ಹಾಡಿದ್ದು ಯಾರಂತ ತಿಳಕೊಂಡೀರಿ?" ಎಂದರು ಮಾವ. ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೂ ಗೊತ್ತಿತ್ತು. ಹಾಡು ಹೊಸ್ತಿಲು ಮುಟ್ಟಿದಾಗಲೇ ಗೊತ್ತಿತ್ತು. ಆ ಪಡಸಾಲೆಯಲ್ಲಿ ಪಂಪಾಪತಿಯ ಹಾಡು ಕೇಳದೆ ಉಳಿದವನು, ಅದನ್ನು ಕೇಳಿಸಲು ಎಲ್ಲರನ್ನೂ ಕರೆಸಿದ ನಾನು.

"ಅಲ್ರಿ ಮಾವಾ, ಅದು ರಾಹುಕಾಲ ಆಗಿತ್ತಲ್ಲ" ಎಂದೆ, ಏನಾದರೂ ಅನ್ನಬೇಕಲ್ಲ ಎಂದು.

"ಹಚ್ಚಿದಾವ ಹೋಟ್ಲಿನಾವ, ಅದು ಅವನ ಲೆಕ್ಕಕ್ಕ. ನಾ ಸುಮ್ಮನ ಗಾಳಿಗೆ ಕುಂತಿದ್ದೆ" ಎಂದು ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿದರು. "ನಿಮ್ಮ ಗಡಿಯಾರ ಇಪ್ಪತ್ತು ಮಿನಿಟ್ ಯಾಕ ಮುಂದ ಓಡಿತ್ತು ಅಂತ ನಾ ಕೇಳಾಂಗಿಲ್ಲ. ಬರೀರಿ. ಎರಡನೇ ಹಾಡಿನಾಗ ಉಸಿರು ತುಂಡಾತು. ಹೊತ್ತಿಗೆ ಸರಿಯಾಗಿ ಉಣ್ಣಾಂಗಿಲ್ಲ ಅಂತ ಕಾಣತೈತಿ. ಬಂದು ಹೋಗು. ಇಷ್ಟ."

ಅವರು ಬಸ್ಸಿಗೆ ಹೋದ ಮೇಲೆ ನಾನು ಕಾರ್ಡು ಮುಂದಿಟ್ಟುಕೊಂಡು ಯೋಚಿಸಿದೆ. ನಾನು ಇಪ್ಪತ್ತು ವರ್ಷ ಕೊಡುಕೊಳ್ಳುವ ವ್ಯವಹಾರ ಮಾಡಿದವನು. ಒಬ್ಬನನ್ನು ನಮ್ಮ ಕಡೆ ಕರೆದುಕೊಳ್ಳಬೇಕಾದಾಗ ಅವನ ಮಾಲಿನಲ್ಲಿ ಐಬು ಎತ್ತಬಾರದು. ಐದು ವರ್ಷದ ಮೇಲೆ ಅಪ್ಪ ಬರೆಸಿದ ಮೊದಲ ಕಾಗದದಲ್ಲಿ ಉಸಿರು ತುಂಡಾಯಿತು ಎಂದರೆ ಯಾವ ಹಾಡುಗಾರ ಬಂದಾನು? ಹಾಗಾಗಿ ನಾನು ನನ್ನ ಜವಾಬ್ದಾರಿಯ ಮೇಲೆ, "ಚಿರಂಜೀವಿ ಪಂಪಾಪತಿಗೆ ತೀರ್ಥರೂಪರ ಅನೇಕ ಆಶೀರ್ವಾದಗಳು. ನಿನ್ನ ಸುಶ್ರಾವ್ಯ ಗಾಯನವನ್ನು ಆಲಿಸಿ ಬಂಧುಬಳಗಕ್ಕೆಲ್ಲ ಪರಮಾನಂದವಾಯಿತು" ಎಂದು ಆರಂಭಿಸಿ, ಕಾರ್ಡು ತುಂಬುವ ಹಾಗೆ ಬರೆದೆ. ಚೆನ್ನಾಗಿಯೇ ಬಂದಿತ್ತು. ಹುಲಿಗೆಮ್ಮ ತೆಗೆದುಕೊಂಡು ಓದಿದಳು.

"ಇದು ಅಪ್ಪ ಹೇಳಿದ್ದೇನ್ರಿ?"

"ಅಪ್ಪ ಹೇಳಿದ್ದನ್ನ ಹಸನು ಮಾಡೀನಿ."

"ಹಸನು ಮಾಡಾಕ ಅದೇನು ಹರಿದ ಚೀಲೇನು? ಅವರು ಹೇಳಿದ್ದು ಇದರಾಗ ಎಲ್ಲೈತಿ? ಹಾಕ್ರಿ ಅದನ್ನ."

"ಜಾಗ ಇಲ್ಲ."

"ಅಂಚಿನಾಗ ಹಾಕ್ರಿ" ಎಂದು ನನ್ನ ಪಕ್ಕದಲ್ಲೇ ಕೂತಳು. ಅವಳು ಏಳುವ ಲಕ್ಷಣ ಕಾಣಲಿಲ್ಲ. ಕಾರ್ಡನ್ನು ಅಡ್ಡ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಉಸಿರು ತುಂಡಾದದ್ದನ್ನೂ ಊಟದ ವಿಷಯವನ್ನೂ ಬಂದು ಹೋಗು ಎಂಬುದನ್ನೂ ತುರುಕಿದೆ. ಕೆಟ್ಟ ವ್ಯವಹಾರ ಎಂದುಕೊಂಡೇ ಅಂಚೆ ಪೆಟ್ಟಿಗೆಗೆ ಹಾಕಿಬಂದೆ.

ಆರನೇ ದಿನ ಮಧ್ಯಾಹ್ನ ಪಂಪಾಪತಿ ಒಂದು ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಿದ್ದ. ತೆಳ್ಳಗಾಗಿದ್ದ. ಅಕ್ಕ ಅತ್ತು ಮುಗಿಸುವವರೆಗೆ ಕಾದು ನಾನು ಮೆಲ್ಲಗೆ, "ಕಾರ್ಡು ಹೆಂಗಿತ್ತು?" ಎಂದು ಕೇಳಿದೆ. ನನ್ನ ಮೊದಲ ವಾಕ್ಯದ ಬಗ್ಗೆ ನನಗೆ ಆಗಲೂ ಸ್ವಲ್ಪ ಅಭಿಮಾನವಿತ್ತು.

"ಭಾವಾ, ಸುಳ್ಳು ಯಾಕ ಹೇಳಲಿ" ಎಂದು ಅವನು ನಕ್ಕ. "ಮೊದಲಿಂದೆಲ್ಲ ಓದಿ, ನೀವ ಅಪ್ಪನ ಹೆಸರು ಹಾಕಿ ಬರದೀರಿ ಅಂತ ಕಾರ್ಡು ತೆಗೆದು ಇಟ್ಟಬಿಟ್ಟಿದ್ದೆ. ಆಮ್ಯಾಲ ಅಂಚು ಕಂಡಿತು. ಎರಡನೇ ಹಾಡಿನಾಗ ಉಸಿರು ತುಂಡಾದದ್ದು ಖರೇನ ಐತಿ. ಅಲ್ಲಿದ್ದ ಸಂಗೀತದ ಮಾಸ್ತರಿಗೂ ಗೊತ್ತಾಗಿರಲಿಲ್ಲ. ಅಪ್ಪ ಕುಂತು ಕೇಳ್ಯಾನ ಅಂತ ತಿಳೀತು, ಮರುದಿನದ ಗಾಡಿ ಹತ್ತಿದೆ." ಮರುದಿನ ಅವನನ್ನು ಕುರುಗೋಡಿಗೆ ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಮಾವನವರ ಮುಂದೆ ಹೇಗೆ ಮಾತು ತೆಗೆಯಬೇಕು, ಯಾವುದನ್ನು ಮೊದಲು ಹೇಳಬೇಕು ಎಂದು ಉಪದೇಶ ಮಾಡಿದೆ. ಅವನು ಎಲ್ಲಕ್ಕೂ ಹೂಂ ಎಂದ. ಮಾವನವರು ಕಟ್ಟೆಯ ಮೇಲಿನಿಂದ ಎದ್ದು, ಮಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಉಂಡೇನು?" ಎಂದರು. "ಇಲ್ಲ" ಎಂದ. "ನಡಿ" ಎಂದರು. ಇಬ್ಬರೂ ಒಳಗೆ ಹೋದರು. ನನ್ನನ್ನು ಒಳಗೆ ಕರೆಯುವುದು ಇಬ್ಬರಿಗೂ ಮರೆತುಹೋಗಿತ್ತು.

ಈ ವ್ಯವಹಾರವನ್ನು ಕುದುರಿಸಿದವನು ನಾನೇ ಎಂದು ಬ್ರೂಸ್‌ಪೇಟೆಯಲ್ಲಿ ಈಗಲೂ ಹೇಳಿಕೊಳ್ಳುತ್ತೇನೆ. ಹೆಂಡತಿ ಹತ್ತಿರವಿದ್ದಾಗ ಮಾತ್ರ ಸ್ವಲ್ಪ ಮೆಲ್ಲಗೆ. ಓದುಗರಲ್ಲಿ ಯಾರಿಗಾದರೂ ಹಿರಿಯರ ಪರವಾಗಿ ಮುನಿಸಿಕೊಂಡ ಮಕ್ಕಳಿಗೆ ಕಾಗದ ಬರೆಯುವ ಕೆಲಸ ಬಿದ್ದರೆ ನನ್ನ ಸಲಹೆ ಇಷ್ಟು. ಕಾರ್ಡಿನಲ್ಲಿ ಜಾಗ ಕಡಿಮೆ ಇರುತ್ತದೆ, ಬೈಗುಳವನ್ನು ಮೊದಲು ಬರೆಯಿರಿ, ಅವರು ಹೇಳಿದ ಹಾಗೆಯೇ ಬರೆಯಿರಿ, ಅಕ್ಷರ ದೊಡ್ಡದಿರಲಿ. ಕೆಳಗೆ ಜಾಗ ಉಳಿಯಿತೆಂದು ನಿಮ್ಮ ಕಡೆಯಿಂದ ಏನನ್ನೂ ಸೇರಿಸಬೇಡಿ. ಕೈ ತಡೆಯದಿದ್ದರೆ ವಿಳಾಸವನ್ನೇ ಇನ್ನೊಮ್ಮೆ ದಪ್ಪವಾಗಿ ತಿದ್ದಿರಿ, ಅಂಚೆಯವನಿಗಾದರೂ ಉಪಯೋಗವಾಗುತ್ತದೆ.